ಸವೆದ ನಾಣ್ಯ ಕೈಗೆ ಕೊಟ್ಟು ನೋಡಿದೆವು

ನಮ್ಮ ಪ್ರಾಚೀನ ನಾಣ್ಯಗಳ ಡೇಟಾಬೇಸ್‌ಗೆ ಈಗ ಒಂದೂವರೆ ವರ್ಷ. ಸುಮಾರು 1,100 ನಾಣ್ಯಗಳಿವೆ. ಬಹುಪಾಲು ರೋಮನ್, ಸ್ವಲ್ಪ ಗ್ರೀಕ್. ಪ್ರತಿಯೊಂದಕ್ಕೂ ಎರಡೂ ಬದಿಯ ಫೋಟೋ, ತೂಕ, ವ್ಯಾಸ, ಟಂಕಸಾಲೆ, ಅರಸನ ಹೆಸರು, ಎರಡೂ ಬದಿಯ ಬರಹ ಹಾಕಿದ್ದೇವೆ. ಕಟ್ಟುವಾಗ ನಾವು ಮೂವರೂ ದಿನಾ ಅದನ್ನೇ ಬಳಸುತ್ತಿದ್ದೆವು. ನಮಗೆ ಬೇಕಾದದ್ದು ಸಲೀಸಾಗಿ ಸಿಗುತ್ತಿತ್ತು. ಹೊರಗಿನವರ ಕೈಗೆ ಕೊಟ್ಟು ನೋಡಲು ಶುರು ಮಾಡಿದ್ದು ಮಾತ್ರ ಈಚೆಗೆ. ಮೂರು ಸುತ್ತು ಮುಗಿದಿದೆ. ಎಲ್ಲಿ ಕೈಕೊಟ್ಟಿತು, ಹೇಗೆ ಸರಿ ಮಾಡಿದೆವು, ಏನು ಬಾಕಿ ಇದೆ ಅನ್ನುವುದನ್ನ ಇಲ್ಲಿ ಬರೆದಿಡುತ್ತಿದ್ದೇನೆ. ಇಂಥದೇ ಕೆಲಸಕ್ಕೆ ಕೈ ಹಾಕಿದವರಿಗೆ ಉಪಯೋಗ ಆದೀತು.

ತಯಾರಿ

ಮೊದಲ ಸುತ್ತಿಗೆ ಐದು ಜನರನ್ನು ಕರೆದೆವು. ಬಳಕೆದಾರರ ಪರೀಕ್ಷೆ ಮಾಡುವವರಿಗೆಲ್ಲ ಜೇಕಬ್ ನೀಲ್ಸನ್ 2000ದಲ್ಲಿ ಕೊಟ್ಟ ಸಲಹೆ ಗೊತ್ತಿರುತ್ತದೆ. ಹದಿನೈದು ಜನರನ್ನು ಒಂದೇ ಸಲ ಕೂರಿಸಬೇಡಿ, ಐದೈದು ಜನರ ಮೂರು ಸುತ್ತು ಮಾಡಿ, ನಡುನಡುವೆ ರಿಪೇರಿ ಮಾಡಿ ಅನ್ನುವುದು ಅದರ ಸಾರ. ನಮ್ಮಂಥ ಸಣ್ಣ ತಂಡಕ್ಕೆ ಇದು ಹೇಳಿ ಮಾಡಿಸಿದ ದಾರಿ.

ಬಂದವರಲ್ಲಿ ಒಬ್ಬರು ನಿವೃತ್ತ ಶಿಕ್ಷಕಿ, ನಾಣ್ಯ ಸಂಗ್ರಹ ಈಗಷ್ಟೇ ಶುರು ಮಾಡಿದವರು. ಒಬ್ಬ ಇತಿಹಾಸದ ವಿದ್ಯಾರ್ಥಿ. ಒಬ್ಬರು ಮೂವತ್ತು ವರ್ಷದಿಂದ ರೋಮನ್ ನಾಣ್ಯ ಕೂಡಿಡುತ್ತಿರುವ ಹಿರಿಯರು. ಒಬ್ಬರು ಮ್ಯೂಸಿಯಂನಲ್ಲಿ ದಾಖಲೆ ಬರೆಯುವವರು. ಇನ್ನೊಬ್ಬರು ಹಳೆಯ ನಾಣ್ಯವನ್ನು ಅವತ್ತೇ ಮೊದಲ ಸಲ ಮುಟ್ಟಿದವರು.

ಪ್ರಶ್ನೆ ಬರೆಯುವಾಗಲೇ ಒಂದು ತಪ್ಪು ಆಗುತ್ತಿತ್ತು. "ಹಿಂಬದಿಯ ಬರಹದಿಂದ ಈ ನಾಣ್ಯವನ್ನು ಹುಡುಕಿ" ಅಂತ ಬರೆದಿದ್ದೆವು. ಆದರೆ "ಹಿಂಬದಿಯ ಬರಹ" ಅನ್ನುವುದು ನಮ್ಮ ಪುಟದಲ್ಲೇ ಇರುವ ಖಾನೆಯ ಹೆಸರು. ಹಾಗೆ ಕೇಳಿದರೆ ಉತ್ತರದ ದಾರಿಯನ್ನು ನಾವೇ ತೋರಿಸಿದ ಹಾಗೆ ಅಲ್ವಾ? ಅದನ್ನು ಹರಿದು ಹಾಕಿದೆವು. ಟ್ರೇಯಲ್ಲಿ ಆರು ನಾಣ್ಯ, ಒಂದು ಭೂತಗನ್ನಡಿ, ಒಂದು ಪುಟ್ಟ ತಕ್ಕಡಿ, ಒಂದು ಅಳತೆಪಟ್ಟಿ ಇಟ್ಟೆವು. "ಇದು ಯಾವ ನಾಣ್ಯ ಅಂತ ಕಂಡುಹಿಡಿಯಿರಿ, ಮನಸ್ಸಿಗೆ ಬಂದದ್ದನ್ನು ಜೋರಾಗಿ ಹೇಳುತ್ತಾ ಇರಿ" ಅಂದೆವು, ಅಷ್ಟೇ.

ಸ್ಕ್ರೀನ್ ರೆಕಾರ್ಡ್ ಆಗುತ್ತಿತ್ತು. ಅದರ ಜೊತೆಗೆ ಮೇಜಿನ ಮೇಲಿನಿಂದ ಕೈಗಳನ್ನು ತೋರಿಸುವ ಹಾಗೆ ಒಂದು ಫೋನನ್ನೂ ಕಟ್ಟಿದ್ದೆವು. ಬೇಕೋ ಬೇಡವೋ ಅಂತ ಕೊನೆಯ ಗಳಿಗೆಯಲ್ಲಿ ಸೇರಿಸಿದ್ದು ಅದು. ಇಡೀ ಪರೀಕ್ಷೆಯಲ್ಲಿ ನಮಗೆ ಜಾಸ್ತಿ ಕಲಿಸಿದ್ದು ಆ ಫೋನೇ.

ಇನ್ನೊಂದು ನಿಯಮ: ಅವರು ಸಿಕ್ಕಿಕೊಂಡಾಗ ನಾವು ಬಾಯಿ ಬಿಡುವ ಮುಂಚೆ ಮನಸ್ಸಿನಲ್ಲೇ ಹತ್ತು ಎಣಿಸಬೇಕು. ತುಂಬಾ ಕಷ್ಟದ ಕೆಲಸ ಇದು. ನಾನು ಎರಡು ಸಲ ಏಳಕ್ಕೇ ಬಾಯಿ ಬಿಟ್ಟೆ. ಆ ಎರಡು ಕಡೆಯ ಫಲಿತಾಂಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆಂಟೋನಿನಸ್ ಪಿಯಸ್ ಅಂತ ಬರೆದಿದೆಯಲ್ಲ!

ಶಿಕ್ಷಕಿಯವರು ಎತ್ತಿಕೊಂಡದ್ದು ಡಿನೇರಿಯಸ್ ಅನ್ನುವ ಬೆಳ್ಳಿಯ ರೋಮನ್ ನಾಣ್ಯ. ಮೂರು ಗ್ರಾಮ್ ಚಿಲ್ಲರೆ ತೂಕ. ಒಂದು ಕಡೆ ಎಲೆಯ ಕಿರೀಟ ತೊಟ್ಟ, ಗಡ್ಡವಿಲ್ಲದ ಹುಡುಗನ ತಲೆ. ಇನ್ನೊಂದು ಕಡೆ ರೆಕ್ಕೆ ಇರುವ ಹೆಂಗಸು, ಕೈಯಲ್ಲಿ ಹಾರ, ಓಡುವ ಭಂಗಿ. ಭೂತಗನ್ನಡಿಯಲ್ಲಿ ಬರಹವನ್ನು ಒಂದೊಂದೇ ಅಕ್ಷರ ಓದಿದರು. ಆಂಟೋನಿನಸ್ ಪಿಯಸ್ ಆಗ್. 'ಆಗ್' ಅಂದರೆ ಆಗಸ್ಟಸ್, ಚಕ್ರವರ್ತಿಯ ಬಿರುದು. ಓದಿ ಮುಗಿಸಿದಾಗ ಅವರ ಮುಖ ಅರಳಿತ್ತು.

ಮೊದಲು ಆ ಬರಹವನ್ನೇ ಟೈಪ್ ಮಾಡಿದರು. ಫಲಿತಾಂಶ ಸೊನ್ನೆ. ಕಾರಣ ಸಣ್ಣದು. ರೋಮನ್ನರ ನಾಣ್ಯಗಳಲ್ಲಿ 'ಯು' ಅಂತ ಬೇರೆ ಅಕ್ಷರ ಇಲ್ಲ, ಆ ಜಾಗದಲ್ಲೂ 'ವಿ'ಯೇ ಇರುತ್ತದೆ. ನಮ್ಮ ದಾಖಲೆಯಲ್ಲಿ ನಾಣ್ಯದಲ್ಲಿ ಇದ್ದ ಹಾಗೇ 'ವಿ' ಹಾಕಿದ್ದೆವು. ಅವರು ನಾವೆಲ್ಲ ಬರೆಯುವ ಹಾಗೆ 'ಯು' ಹಾಕಿದರು. ಅಷ್ಟಕ್ಕೇ ಬಾಗಿಲು ಮುಚ್ಚಿತು.

ಆಮೇಲೆ ಅರಸರ ಪಟ್ಟಿ ತೆರೆದರು. ಅದರಲ್ಲಿ "ಆಂಟೋನಿನಸ್ ಪಿಯಸ್" ಅನ್ನುವ ಹೆಸರು ಇತ್ತು. ಒತ್ತಿದರು. ನೂರಾರು ನಾಣ್ಯ ಬಂತು. ರೆಕ್ಕೆಯ ದೇವತೆ ಇರುವ ಒಂದನ್ನು ಆರಿಸಿ, "ಇದೇ, ಹೆಸರೂ ಇದೆ, ಚಿತ್ರವೂ ಇದೆ" ಅಂದರು.

ಅದು ಆ ನಾಣ್ಯ ಅಲ್ಲ. ಕೈಯಲ್ಲಿ ಇದ್ದದ್ದು ಕ್ಯಾರಕಲ್ಲ ಅನ್ನುವ ಬೇರೆ ಚಕ್ರವರ್ತಿಯದು.

ಇದರಲ್ಲಿ ಅವರ ತಪ್ಪು ಒಂದಿಷ್ಟೂ ಇಲ್ಲ. ಕ್ಯಾರಕಲ್ಲ ಅನ್ನುವುದು ಆತ ತೊಡುತ್ತಿದ್ದ ಒಂದು ಬಗೆಯ ನಿಲುವಂಗಿಯಿಂದ ಬಂದ ಅಡ್ಡಹೆಸರು. ಆತನ ಯಾವ ನಾಣ್ಯದ ಮೇಲೂ ಆ ಹೆಸರಿಲ್ಲ. ತಂದೆ ಸೆಪ್ಟಿಮಿಯಸ್ ಸೆವೆರಸ್ ಹಳೆಯ ಮನೆತನದ ಘನತೆ ಬರಲಿ ಅಂತ ಮಗನಿಗೆ ಆಂಟೋನಿನಸ್ ಅಂತ ಹೆಸರು ಬದಲಿಸಿದ. ಆದ್ದರಿಂದ ನಾಣ್ಯದಲ್ಲಿ ಇರುವುದು ಆಂಟೋನಿನಸ್ ಪಿಯಸ್ ಆಗ್. ಆಮೇಲೆ ಬಂದ ಚಕ್ರವರ್ತಿ ಎಲಗಬಾಲಸ್‌ದೂ ಇದೇ ಕಥೆ, ಅವನ ನಾಣ್ಯಗಳಲ್ಲಿ ಇಂಪ್ (ಇಂಪರೇಟರ್) ಆಂಟೋನಿನಸ್ ಪಿಯಸ್ ಆಗ್ ಅಂತ ಇರುತ್ತದೆ. ಕ್ರಿ.ಶ. 138ರಿಂದ 161ರವರೆಗೆ ಆಳಿದ ನಿಜವಾದ ಆಂಟೋನಿನಸ್ ಪಿಯಸ್‌ನ ನಾಣ್ಯಗಳಲ್ಲಿ ಸಾಮಾನ್ಯವಾಗಿ ಕಾಣುವ ಬರಹ ಆಂಟೋನಿನಸ್ ಆಗ್ ಪಿಯಸ್ ಪಿ ಪಿ (ಪಿ ಪಿ ಅಂದರೆ ನಾಡಿನ ತಂದೆ ಅನ್ನುವ ಬಿರುದು). ಎರಡು ಪದ ಹಿಂದುಮುಂದಾದರೆ ಅರವತ್ತು ವರ್ಷದ ವ್ಯತ್ಯಾಸ ಬೀಳುತ್ತದೆ. ಮುಖ ನೋಡಿದರೂ ಗೊತ್ತಾಗುತ್ತದೆ. ಪಿಯಸ್ ಪಟ್ಟಕ್ಕೆ ಬಂದಾಗಲೇ ಐವತ್ತು ದಾಟಿದ್ದ, ಗಡ್ಡ ಇದೆ. ನಮ್ಮ ಟ್ರೇಯಲ್ಲಿದ್ದವನು ಹುಡುಗ.

ನಮ್ಮ ಪುಟ ಇದ್ಯಾವುದನ್ನೂ ಅವರಿಗೆ ಹೇಳಲಿಲ್ಲ. "ಅರಸ ಯಾರು?" ಅಂತ ಮೊದಲ ಪ್ರಶ್ನೆ ಕೇಳಿತು. ನಾಣ್ಯ ಗುರುತಿಸಲು ಬಂದವರಿಗೆ ಗೊತ್ತಿಲ್ಲದೆ ಇರುವುದೇ ಅದು.

ಪರೀಕ್ಷೆ ಮುಗಿದ ಮೇಲೆ ಎಲ್ಲರಿಗೂ ಹತ್ತು ಪ್ರಶ್ನೆಗಳ ಎಸ್‌ಯುಎಸ್ ಹಾಳೆ ಕೊಟ್ಟೆವು. ಬಳಸಲು ಎಷ್ಟು ಸುಲಭ ಅನ್ನಿಸಿತು ಅಂತ ಅಳೆಯುವ ಹಾಳೆ ಅದು, ಪ್ರತಿ ಪ್ರಶ್ನೆಗೂ ಒಂದರಿಂದ ಐದರೊಳಗೆ ಉತ್ತರ. ಜಾನ್ ಬ್ರೂಕ್ 1986ರಲ್ಲಿ ಮಾಡಿದ್ದು, ಈಗಲೂ ಎಲ್ಲ ಕಡೆ ಬಳಕೆಯಲ್ಲಿದೆ. ಬೆಸ ಸಂಖ್ಯೆಯ ಪ್ರಶ್ನೆಗಳ ಉತ್ತರದಿಂದ ಒಂದು ಕಳೆಯಬೇಕು. ಸಮ ಸಂಖ್ಯೆಯವನ್ನು ಐದರಿಂದ ಕಳೆಯಬೇಕು. ಎಲ್ಲ ಕೂಡಿಸಿ ಎರಡೂವರೆಯಿಂದ ಗುಣಿಸಿದರೆ ನೂರಕ್ಕೆ ಎಷ್ಟು ಅಂತ ಬರುತ್ತದೆ. ಅವತ್ತು ಎಲ್ಲರಿಗಿಂತ ಜಾಸ್ತಿ ಅಂಕ ಕೊಟ್ಟವರು ಈ ಶಿಕ್ಷಕಿಯವರೇ. ಅವರಿಗೆ ಹೆಸರು ಸಿಕ್ಕಿತ್ತು, ಚಿತ್ರ ಸಿಕ್ಕಿತ್ತು, ಖುಷಿಯಾಗಿ ಹೋದರು. ನನಗೆ ಮಾತ್ರ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ತಪ್ಪು ಉತ್ತರ ಕೊಟ್ಟು, ಒಳ್ಳೆಯ ಅಂಕ ತೆಗೆದುಕೊಂಡು ಕಳಿಸಿದ್ದೆವು. ಎರಡನೇ ಸುತ್ತಿನಿಂದ ಅಂಕದ ಪಕ್ಕದಲ್ಲೇ ಇನ್ನೊಂದು ಖಾನೆ ಹಾಕಿದೆವು: ಉತ್ತರ ಸರಿಯೇ? ಆ ಖಾನೆ ಇಲ್ಲದೆ ಅಂಕ ನೋಡುವುದನ್ನೇ ಬಿಟ್ಟೆವು. ಮರುದಿನವೇ ಶಿಕ್ಷಕಿಯವರಿಗೆ ಫೋನ್ ಮಾಡಿ ಸರಿಯಾದ ಉತ್ತರವನ್ನೂ ತಿಳಿಸಿದೆ.

ಕೈಗಳ ವಿಡಿಯೋ

ಮೇಲಿನ ಫೋನಿನ ರೆಕಾರ್ಡಿಂಗ್ ನೋಡಲು ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಐವರಲ್ಲಿ ನಾಲ್ವರು ಕೀಬೋರ್ಡ್ ಮುಟ್ಟುವ ಮುಂಚೆ ನಾಣ್ಯವನ್ನು ಮಗುಚಿ ಹಿಂಬದಿ ನೋಡಿದ್ದರು. ಬೆಳಕಿಗೆ ಓರೆ ಹಿಡಿದು, ಹೆಬ್ಬೆರಳಿನಿಂದ ಉಜ್ಜಿ, ಬಾಯಲ್ಲಿ ಹೇಳುತ್ತಿದ್ದದ್ದು ಇಂಥ ಮಾತು: "ಇಲ್ಲೊಬ್ಬಳು ನಿಂತಿದ್ದಾಳೆ, ಕೈಯಲ್ಲಿ ತಕ್ಕಡಿ ಥರ ಏನೋ ಇದೆ." ಮುಂಬದಿಯ ಮುಖಗಳು ಹೊಸಬರಿಗೆ ಎಲ್ಲ ಒಂದೇ ಥರ ಕಾಣುತ್ತವೆ. ಹಿಂಬದಿಯಲ್ಲಿ ಕಥೆ ಇರುತ್ತದೆ, ಕಣ್ಣು ಅಲ್ಲಿಗೇ ಹೋಗುತ್ತದೆ.

ನಮ್ಮಲ್ಲಿ ಹಿಂಬದಿಯನ್ನು ಹುಡುಕಬೇಕಾದರೆ ದೇವತೆಯ ಹೆಸರು ಗೊತ್ತಿರಬೇಕಿತ್ತು. ಪಟ್ಟಿಯಲ್ಲಿ ಎಕ್ವಿಟಾಸ್, ಫೋರ್ಚುನಾ, ಸಾಲಸ್, ಅನ್ನೋನಾ. ವಿದ್ಯಾರ್ಥಿ ಆ ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿ, "ಇವರಲ್ಲಿ ತಕ್ಕಡಿ ಹಿಡಿದವರು ಯಾರು ಅಂತ ನನಗೆ ಹೇಗೆ ಗೊತ್ತಾಗಬೇಕು ಸರ್?" ಅಂದ. ನ್ಯಾಯವಾದ ಪ್ರಶ್ನೆ.

ಹಾಗಾಗಿ ಹುಡುಕುವ ಪುಟವನ್ನು ತಲೆಕೆಳಗು ಮಾಡಿದೆವು. ಈಗ ಮೊದಲ ಪ್ರಶ್ನೆ "ಏನು ಕಾಣುತ್ತಿದೆ?" ಅದರ ಕೆಳಗೆ ಸಣ್ಣ ಗೆರೆಚಿತ್ರಗಳು: ರೆಕ್ಕೆ, ತಕ್ಕಡಿ, ಹಾವು, ಚುಕ್ಕಾಣಿ, ಕಾಳಿನ ತೆನೆ, ಹಣ್ಣು ತುಂಬಿದ ಕೊಂಬು, ಹಡಗು, ಕಟ್ಟಡ, ಪ್ರಾಣಿ. ಎರಡು ಮೂರು ಒಟ್ಟಿಗೆ ಒತ್ತಬಹುದು. ಚುಕ್ಕಾಣಿ ಮತ್ತು ಕೊಂಬು ಒತ್ತಿದರೆ ಫೋರ್ಚುನಾ ಮುಂದೆ ಬರುತ್ತಾಳೆ. ಬಟ್ಟಲಿನಿಂದ ಹಾವಿಗೆ ಉಣಿಸುತ್ತಿದ್ದರೆ ಸಾಲಸ್. ತಕ್ಕಡಿ ಮತ್ತು ಕೊಂಬು ಇದ್ದರೆ ಇಬ್ಬರು ಬರುತ್ತಾರೆ, ಎಕ್ವಿಟಾಸ್ ಮತ್ತು ಮೊನೆಟಾ. ಇವರಿಬ್ಬರೂ ನೋಡಲು ಅವಳಿಗಳ ಹಾಗೆ, ಪಕ್ಕದ ಬರಹ ಓದಿದರೆ ಮಾತ್ರ ಗೊತ್ತಾಗುವುದು. ಅದನ್ನೂ ಪುಟದಲ್ಲೇ ಒಂದು ಸಾಲಿನಲ್ಲಿ ಹೇಳಿದ್ದೇವೆ.

ಇದಕ್ಕಾಗಿ 1,100 ನಾಣ್ಯದ ಹಿಂಬದಿಯನ್ನೂ ಕೂತು ಮತ್ತೆ ನೋಡಿ ಗುರುತು ಹಾಕಬೇಕಾಯಿತು. ಐದು ವಾರ ಹಿಡಿಯಿತು. ಬೇಸರದ ಕೆಲಸ ಅನ್ನಿಸಲಿಲ್ಲ. ವರ್ಷಗಟ್ಟಲೆ ಹೆಸರಿನಿಂದ ಮಾತ್ರ ಗೊತ್ತಿದ್ದ ನಾಣ್ಯಗಳನ್ನು ನಾನು ಆಗಲೇ ಸರಿಯಾಗಿ ನೋಡಿದ್ದು.

ಅಳಿಸಿಹೋದ ಅಕ್ಷರ

ಬರಹದ ಹುಡುಕಾಟಕ್ಕೆ ಬೇರೆ ರಿಪೇರಿ ಬೇಕಿತ್ತು. ಈಗ ಹೋಲಿಸುವ ಮುಂಚೆ ಎರಡೂ ಕಡೆ ಪದಗಳ ನಡುವಿನ ಖಾಲಿ ಜಾಗ ತೆಗೆಯುತ್ತೇವೆ. ನಾಣ್ಯದಲ್ಲಿ ಪದ ಬಿಡಿಸಿ ಬರೆಯುವ ರೂಢಿ ಅಷ್ಟಾಗಿ ಇರಲಿಲ್ಲ, ತಲೆಯೋ ಕಾಲೋ ಅಡ್ಡ ಬಂದ ಕಡೆ ಬರಹ ಒಡೆಯುತ್ತದೆ ಅಷ್ಟೇ. 'ಯು' ಇದ್ದರೆ 'ವಿ' ಮಾಡುತ್ತೇವೆ, 'ಜೆ' ಇದ್ದರೆ 'ಐ'. ಓದಲಾಗದ ಪ್ರತಿ ಅಕ್ಷರಕ್ಕೂ ಒಂದು ಚುಕ್ಕಿ ಹಾಕಬಹುದು. ಎಷ್ಟು ಅಕ್ಷರ ಹೋಗಿದೆ ಗೊತ್ತಿಲ್ಲದಿದ್ದರೆ ಮೂರು ಚುಕ್ಕಿ.

ಇಲ್ಲಿ ಒಂದು ಕಡೆ ಅತಿ ಮಾಡಿದೆವು. ಸವೆದ ನಾಣ್ಯದಲ್ಲಿ 'ಸಿ' ಮತ್ತು 'ಜಿ' ಒಂದೇ ಥರ ಕಾಣುತ್ತವೆ, 'ಐ' ಮತ್ತು 'ಎಲ್' ಕೂಡ. ಇವೆಲ್ಲವನ್ನೂ ಒಂದೇ ಅಂತ ಹಿಡಿದು ಹುಡುಕಿಸಿದೆವು. ನಾಲ್ಕು ಅಕ್ಷರ ಹಾಕಿದರೆ ಅರ್ಧ ಸಂಗ್ರಹವೇ ಎದುರಿಗೆ ಬಂದು ನಿಂತಿತು. ಎರಡನೇ ಸುತ್ತಿನಲ್ಲಿ ಕೂತವರು ಮೊದಲ ಪುಟ ನೋಡಿ ಕೈಬಿಟ್ಟರು. ಈಗ ಆ ಸಡಿಲಿಕೆ ತಾನಾಗಿ ಆಗುವುದಿಲ್ಲ. ಸರಿಯಾಗಿ ಹೊಂದುವುದು ಒಂದೂ ಸಿಗದಿದ್ದಾಗ ಮಾತ್ರ "ಹತ್ತಿರದ ಅಕ್ಷರಗಳನ್ನೂ ಸೇರಿಸಿ ಹುಡುಕಲೇ?" ಅಂತ ಕೇಳುತ್ತದೆ.

ಫಲಿತಾಂಶದಲ್ಲಿ ಒಂದೇ ಬರಹ ಬೇರೆ ಬೇರೆ ಅರಸರಿಗೆ ಸೇರಿದ್ದರೆ ಮುಖಗಳನ್ನು ಪಕ್ಕಪಕ್ಕ ತೋರಿಸುತ್ತೇವೆ. ಆಂಟೋನಿನಸ್ ಅಂತ ಹಾಕಿದರೆ ಪಿಯಸ್, ಮಾರ್ಕಸ್ ಔರೇಲಿಯಸ್, ಕ್ಯಾರಕಲ್ಲ, ಎಲಗಬಾಲಸ್ ನಾಲ್ವರ ತಲೆಯೂ ಸಾಲಾಗಿ ಬರುತ್ತದೆ. ಕೈಯಲ್ಲಿರುವ ಮುಖವನ್ನು ಪರದೆಯ ಪಕ್ಕ ಹಿಡಿದು ನೋಡಿದರೆ ಆಯಿತು.

ತೂಕದ ಖಾನೆಯದೂ ಇಂಥದೇ ಸಮಸ್ಯೆ. 3.2 ಅಂತ ಹಾಕಿದರೆ ಸರಿಯಾಗಿ 3.2 ಇರುವುದನ್ನು ಮಾತ್ರ ತೋರಿಸುತ್ತಿತ್ತು. ಒಂದೇ ಅಚ್ಚಿನ ಎರಡು ನಾಣ್ಯ ಕೂಡ ಒಂದೇ ತೂಕ ಬರುವುದಿಲ್ಲ, ಸವೆದಷ್ಟೂ ಕಡಿಮೆ ಆಗುತ್ತದೆ. ಈಗ ಎರಡೂ ಕಡೆ ಜಾಗ ಬಿಟ್ಟು ಹುಡುಕುತ್ತದೆ, ಕಡಿಮೆಯ ಕಡೆ ಸ್ವಲ್ಪ ಜಾಸ್ತಿಯೇ.

ಹಿರಿಯ ಸಂಗ್ರಾಹಕರು ಹಿಡಿದ ತಪ್ಪುಗಳು

ಮೂವತ್ತು ವರ್ಷದ ಅನುಭವದವರು ಹುಡುಕುವುದರಲ್ಲಿ ಎಡವಲಿಲ್ಲ. ಅವರು ದಾಖಲೆಗಳನ್ನೇ ತೂಗಿ ನೋಡಿದರು.

ಮೊದಲನೆಯದು ರೋಮಿನ ಮೊದಲ ಚಕ್ರವರ್ತಿ ಆಗಸ್ಟಸ್‌ನ ಡಿನೇರಿಯಸ್, ಹಿಂಬದಿಯಲ್ಲಿ ಮೊಮ್ಮಕ್ಕಳಾದ ಗೈಯಸ್ ಮತ್ತು ಲೂಸಿಯಸ್ ನಿಂತಿರುವುದು. ಪುಟದಲ್ಲಿ ಕ್ರಿ.ಪೂ. 3 ಅಂತ ಇತ್ತು. "ಇದರ ಮೇಲೆ ಪಾಟೆರ್ ಪಾಟ್ರಿಯೇ ಅಂತ ಬರೆದಿದೆ ನೋಡಿ," ಅಂದರು. "ನಾಡಿನ ತಂದೆ ಅನ್ನುವ ಆ ಬಿರುದು ಅವನಿಗೆ ಸಿಕ್ಕಿದ್ದೇ ಕ್ರಿ.ಪೂ. 2ರಲ್ಲಿ. ಒಂದು ವರ್ಷ ಮುಂಚೆ ಹೇಗೆ ಅಚ್ಚು ಹಾಕುತ್ತಾರೆ?"

ಹುಡುಕಿ ನೋಡಿದರೆ ಕ್ರಿ.ಪೂ. ವರ್ಷಗಳೆಲ್ಲ ಒಂದೊಂದು ವರ್ಷ ಹಿಂದೆ ಸರಿದಿದ್ದವು. ಕ್ರಿ.ಶ. ವರ್ಷಗಳು ಸರಿ ಇದ್ದವು, ಹಾಗಾಗಿ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಇತಿಹಾಸದ ಲೆಕ್ಕದಲ್ಲಿ ಸೊನ್ನೆ ಅನ್ನುವ ವರ್ಷ ಇಲ್ಲ. ಕ್ರಿ.ಪೂ. 1 ಆದ ಮೇಲೆ ನೇರ ಕ್ರಿ.ಶ. 1. ಕಂಪ್ಯೂಟರ್ ದಾಖಲೆಗಳಲ್ಲಿ ಮಾಹಿತಿ ಹೇಗೆ ಬರೆಯಬೇಕು ಅಂತ ಹೇಳುವ ನಿಯಮಾವಳಿ ಎಕ್ಸ್‌ಎಂಎಲ್ ಸ್ಕೀಮಾ. ಅದರ 1.0 ಆವೃತ್ತಿಯೂ ಹೀಗೇ ಎಣಿಸುತ್ತದೆ, ಅದರಲ್ಲಿ ಮೈನಸ್ 1 ಅಂದರೆ ಕ್ರಿ.ಪೂ. 1. 1.1ರಲ್ಲಿ ಸೊನ್ನೆ ವರ್ಷ ಸೇರಿಸಿದರು, ಅಲ್ಲಿ ಮೈನಸ್ 1 ಅಂದರೆ ಕ್ರಿ.ಪೂ. 2. ನಾವು ಹಳೆಯ ನಿಯಮದಲ್ಲಿ ವರ್ಷ ತುಂಬಿಸಿದ್ದೆವು, ತೋರಿಸುವ ಭಾಗ ಹೊಸ ನಿಯಮದಲ್ಲಿ ಓದುತ್ತಿತ್ತು. ಎಲ್ಲವನ್ನೂ ಹೊಸ ನಿಯಮಕ್ಕೆ ಬದಲಿಸಿದೆವು. ಇನ್ನು ಮುಂದೆ ದಾಖಲೆ ತುಂಬುವವರು ಮೈನಸ್ ಹಾಕುವ ಹಾಗೇ ಇಲ್ಲ. ವರ್ಷ ಬರೆದು ಪಕ್ಕದಲ್ಲಿ ಕ್ರಿ.ಪೂ. ಅಥವಾ ಕ್ರಿ.ಶ. ಆರಿಸಬೇಕು, ಉಳಿದದ್ದು ಯಂತ್ರದ ಕೆಲಸ.

ಎರಡನೆಯದು ಫೋಟೋ. ಒಂದಷ್ಟು ನಾಣ್ಯಗಳಲ್ಲಿ ಮುಖ ಉಬ್ಬಿರುವ ಬದಲು ಒಳಗೆ ತಗ್ಗಿದ ಹಾಗೆ ಕಾಣುತ್ತಿತ್ತು. ನಾವು ನೋಡಿ ನೋಡಿ ರೂಢಿಯಾಗಿಬಿಟ್ಟಿತ್ತು. ಅವರು ಕಂಡ ತಕ್ಷಣ "ಬೆಳಕು ಕೆಳಗಿನಿಂದ ಬಿದ್ದಿದೆ" ಅಂದರು. ಬೆಳಕು ಮೇಲಿನಿಂದ ಬರುತ್ತದೆ ಅಂತ ನಮ್ಮ ಕಣ್ಣು ಮೊದಲೇ ನಂಬಿರುತ್ತದೆ. ಅದು ಕೆಳಗಿನಿಂದ ಬಿದ್ದರೆ ಉಬ್ಬು ತಗ್ಗಾಗಿ ಕಾಣುತ್ತದೆ. ಚಿತ್ರ ತಿರುಗಿಸಿದರೆ ಮುಖ ತಲೆಕೆಳಗಾಗುತ್ತದೆ. ಬೇರೆ ದಾರಿ ಇರಲಿಲ್ಲ, ಅರವತ್ತು ನಾಣ್ಯವನ್ನು ಮೇಲಿನ ಎಡಗಡೆಯಿಂದ ಬೆಳಕು ಬಿಟ್ಟು ಮತ್ತೆ ಫೋಟೋ ತೆಗೆದೆವು.

ಮೂರನೆಯದು ಆರ್‌ಐಸಿ ಸಂಖ್ಯೆ. ರೋಮನ್ ಚಕ್ರಾಧಿಪತ್ಯದ ನಾಣ್ಯಗಳ ಆ ದೊಡ್ಡ ಪಟ್ಟಿಯ ಮೊದಲ ಸಂಪುಟ ಬಂದದ್ದು 1923ರಲ್ಲಿ. ಅದರಲ್ಲಿ ಸಾಮಾನ್ಯವಾಗಿ ಪ್ರತಿ ಅರಸನಿಗೂ ಸಂಖ್ಯೆ ಹೊಸದಾಗಿ ಒಂದರಿಂದ ಶುರು. ಸುಮ್ನೆ 207 ಅಂತ ಹಾಕಿದರೆ ಹಲವು ಅರಸರ ನಾಣ್ಯ ಬರುತ್ತದೆ. ಸಂಪುಟ, ಅರಸ, ಸಂಖ್ಯೆ ಮೂರೂ ಸೇರಿದರೇನೇ ಗುರುತು. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಆನ್‌ಲೈನ್ ಪಟ್ಟಿ ಓಕ್ರೆ ಈ ಮೂರನ್ನೂ ಸೇರಿಸಿ ಪ್ರತಿ ಮಾದರಿಗೂ ಒಂದು ಶಾಶ್ವತ ವಿಳಾಸ ಕೊಟ್ಟಿದೆ. ನಾವು ನಮ್ಮದೇ ಸಂಖ್ಯೆ ಹುಟ್ಟಿಸುವುದನ್ನು ನಿಲ್ಲಿಸಿ ಅದಕ್ಕೆ ಕೊಂಡಿ ಹಾಕಿದೆವು. ಟಂಕಸಾಲೆ ಮತ್ತು ಅರಸರ ಹೆಸರಿಗೆ, ನಾಣ್ಯಲೋಕದ ಹೆಸರುಗಳಿಗೆ ಸ್ಥಿರ ಗುರುತು ಕೊಡುವ ನೊಮಿಸ್ಮಾ ಜಾಲತಾಣದ ಗುರುತುಗಳು. ಹೆಸರಿನ ಕಾಗುಣಿತದ ಜಗಳ ಅಲ್ಲಿಗೆ ಮುಗಿಯಿತು.

ಮ್ಯೂಸಿಯಂನವರು ಒಂದೇ ಮಾತು ಹೇಳಿದರು, ಆದರೆ ತೂಕದ ಮಾತು. ನಿಧಿ ಸಿಕ್ಕ ಜಾಗವನ್ನು ನಕ್ಷೆಯಲ್ಲಿ ಚುಕ್ಕಿ ಇಟ್ಟು ತೋರಿಸಿದ್ದೆವು. "ಗುದ್ದಲಿ ಹಿಡಿದು ಹೊರಡುವವರಿಗೆ ಇದು ದಾರಿ ತೋರಿಸುತ್ತದೆ," ಅಂದರು. ಅವತ್ತೇ ಸಂಜೆ ಆ ಚುಕ್ಕಿಗಳನ್ನು ತೆಗೆದೆವು. ಈಗ ದೊಡ್ಡ ಚೌಕ ಮಾತ್ರ ಕಾಣುತ್ತದೆ.

ಗಡಿಯಾರದ ಮುಳ್ಳು

"ಅಚ್ಚಿನ ದಿಕ್ಕು: 6" ಅನ್ನುವ ಸಾಲು ಒಬ್ಬರಿಗೂ ಅರ್ಥವಾಗಿರಲಿಲ್ಲ, ಹಿರಿಯರನ್ನು ಬಿಟ್ಟು. ಒಬ್ಬರು ಅದನ್ನು ಗಂಟೆ ಅಂದುಕೊಂಡರು. ಒಂದು ರೀತಿಯಲ್ಲಿ ಗಂಟೆಯೇ. ಮುಂಬದಿಯ ತಲೆ ನೆಟ್ಟಗೆ ಇರುವ ಹಾಗೆ ಹಿಡಿದು, ಪುಟ ತಿರುವಿದ ಹಾಗೆ ಪಕ್ಕಕ್ಕೆ ತಿರುಗಿಸಬೇಕು. ಆಗ ಹಿಂಬದಿಯ ಚಿತ್ರದ ತಲೆ ಗಡಿಯಾರದ ಯಾವ ಅಂಕೆಯ ಕಡೆ ಇದೆಯೋ ಅದೇ ದಿಕ್ಕು. ನೆಟ್ಟಗಿದ್ದರೆ 12, ತಲೆಕೆಳಗಿದ್ದರೆ 6. ಬರೆದು ವಿವರಿಸಲು ಮೂರು ಸಲ ಪ್ರಯತ್ನಿಸಿದೆ, ಆಗಲಿಲ್ಲ. ಕೊನೆಗೆ ಎರಡು ಬೆರಳಲ್ಲಿ ನಾಣ್ಯ ತಿರುಗುವ ನಾಲ್ಕು ಸೆಕೆಂಡಿನ ಚಿತ್ರ ಹಾಕಿದೆವು. ಮೂರನೇ ಸುತ್ತಿನ ಐವರೂ ಅದನ್ನು ನೋಡಿ ತಾವೇ ಅಳೆದರು.

ಅಭಿಪ್ರಾಯದ ಡಬ್ಬಿ

ಪುಟದ ತಳದಲ್ಲಿ "ನಿಮ್ಮ ಅಭಿಪ್ರಾಯ" ಅಂತ ಒಂದು ಕೊಂಡಿ ಇತ್ತು. ಒತ್ತಿದರೆ ಹೆಸರು, ಇಮೇಲ್, ವಿಷಯ, ವಿವರ ಕೇಳುವ ದೊಡ್ಡ ಅರ್ಜಿ. ಅದರಲ್ಲಿ ಬಂದದ್ದೆಲ್ಲ "ಚೆನ್ನಾಗಿದೆ" ಅನ್ನುವಂಥ ಮಾತು. ಈಗ ಪ್ರತಿ ನಾಣ್ಯದ ಫೋಟೋ ಕೆಳಗೇ "ಇಲ್ಲಿ ತಪ್ಪು ಕಂಡಿತೇ?" ಅಂತ ಒಂದೇ ಸಾಲಿನ ಡಬ್ಬಿ ಇದೆ. ಹೆಸರು ಹೇಳಬೇಕಿಲ್ಲ. ನಾಣ್ಯದ ಸಂಖ್ಯೆ ತಾನಾಗಿ ಸೇರುತ್ತದೆ.

ಮೊದಲ ವಾರದಲ್ಲೇ ಒಬ್ಬರು ಬರೆದರು: "ಮುಂಬದಿಯ ಅಂಚು ಕಚ್ಚಿದೆ, ಹಿಂಬದಿಯ ಅಂಚು ಪೂರ್ತಿ ಇದೆ. ಇವೆರಡೂ ಒಂದೇ ನಾಣ್ಯ ಹೇಗಾಗುತ್ತದೆ?" ನೋಡಿದರೆ ಅಲ್ಲಿ ಎರಡು ನಾಣ್ಯದ ಹಿಂಬದಿಗಳು ಅದಲುಬದಲಾಗಿದ್ದವು. ಫೋಟೋ ತೆಗೆಯುವಾಗ ಒಂದನ್ನು ಎರಡು ಸಲ ಕ್ಲಿಕ್ ಮಾಡಿದ್ದೆವು, ಫೈಲ್‌ಗಳ ಸಾಲು ಅಲ್ಲಿಂದ ತಪ್ಪಿತ್ತು. ಅದೇ ದಿನದ ಫೋಟೋಗಳನ್ನೆಲ್ಲ ತೆಗೆದು ನೋಡಿದಾಗ ಇನ್ನೂ ಹನ್ನೊಂದು ಸಿಕ್ಕವು. ಅಂಚಿನ ಆಕಾರ ನೋಡಿ ಜೋಡಿ ಹೊಂದಿಸುವ ಯೋಚನೆ ನಮಗೆ ಬಂದೇ ಇರಲಿಲ್ಲ. ಸರಿ ಮಾಡಿದ ಮೇಲೆ ಆ ದಾಖಲೆಯ ಇತಿಹಾಸದಲ್ಲಿ "ಓದುಗರ ಸೂಚನೆಯಂತೆ ತಿದ್ದಲಾಗಿದೆ" ಅಂತ ತಾರೀಕಿನ ಸಮೇತ ಬರೆದೆವು. ಯಾವ ಸೂಚನೆ ಬಂದರೂ ಹೀಗೆ ಮಾಡುತ್ತೇವೆ. ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಅಂತಲೂ ಬರೆಯುತ್ತೇವೆ.

ಈಗ ಎಲ್ಲಿದ್ದೇವೆ

ಮೂರನೇ ಸುತ್ತಿಗೆ ಆ ಕ್ಯಾರಕಲ್ಲನ ಡಿನೇರಿಯಸ್ಸನ್ನೇ ಮತ್ತೆ ಟ್ರೇಯಲ್ಲಿ ಇಟ್ಟೆವು. ಹೊಸ ಐವರಲ್ಲಿ ನಾಲ್ವರು ಸರಿಯಾಗಿ ಹುಡುಕಿದರು. ಐದನೆಯವರು ಎಲಗಬಾಲಸ್ ಅಂದರು, ಆದರೆ ಪಕ್ಕದಲ್ಲಿ "ಖಾತ್ರಿ ಇಲ್ಲ" ಅಂತ ಗುರುತು ಹಾಕಿದರು. ಆ ಗುಂಡಿಯನ್ನು ಹೊಸದಾಗಿ ಇಟ್ಟಿದ್ದೆವು.

ಆ ಸುತ್ತಿನಲ್ಲಿ ಸೋತದ್ದು ಒಂದು ದೊಡ್ಡ ಹಿತ್ತಾಳೆ ನಾಣ್ಯದ ಹತ್ತಿರ. ಸೆಸ್ಟರ್ಷಿಯಸ್, ಎರಡೂ ಬದಿ ಪೂರ್ತಿ ಸವೆದಿದೆ. ಹಿಂಬದಿಯಲ್ಲಿ ಎಸ್ ಮತ್ತು ಸಿ ಮಾತ್ರ ಉಳಿದಿವೆ. ಸೆನೆಟ್ಟಿನ ತೀರ್ಮಾನದಂತೆ ಅನ್ನುವುದಕ್ಕೆ ಹಾಕುತ್ತಿದ್ದ ಎರಡಕ್ಷರ, ಎಷ್ಟೋ ಅರಸರ ಕಂಚು ಹಿತ್ತಾಳೆಗಳಲ್ಲಿ ಇರುವಂಥದ್ದು. ನಮ್ಮ ಪುಟ 212 ನಾಣ್ಯ ತೋರಿಸಿತು. ಕೂತಿದ್ದವರು ಇಪ್ಪತ್ತು ನಿಮಿಷ ಒಂದೊಂದನ್ನೇ ನೋಡಿ, "ಇಷ್ಟರಿಂದ ಹೇಳಲು ಆಗುವುದಿಲ್ಲ ಅಂತ ನೀವೇ ಹೇಳಬಹುದಿತ್ತಲ್ಲ," ಅಂದರು. ಹೌದು, ಹೇಳಬೇಕಿತ್ತು.

ಅದನ್ನೇ ಈಗ ಕಟ್ಟುತ್ತಿದ್ದೇವೆ. ಕೊಟ್ಟ ಸುಳಿವು ಸಾಲದಿದ್ದರೆ ಪುಟ ಅದನ್ನು ಮೊದಲೇ ಹೇಳುತ್ತದೆ, ಮುಂದೆ ಯಾವುದನ್ನು ನೋಡಿದರೆ ಪಟ್ಟಿ ಹೆಚ್ಚು ಚಿಕ್ಕದಾಗುತ್ತದೆ ಅಂತಲೂ ಹೇಳುತ್ತದೆ: ಗಡ್ಡ ಇದೆಯೇ, ತಲೆ ಬಲಕ್ಕೆ ತಿರುಗಿದೆಯೇ ಎಡಕ್ಕೋ, ನಿಂತ ಚಿತ್ರವೋ ಕೂತದ್ದೋ. ನಾಲ್ಕನೇ ಸುತ್ತಿನ ಟ್ರೇ ಸಿದ್ಧವಾಗಿದೆ. ಈ ಸಲ ಆರೂ ಸವೆದ ಕಂಚು ಹಿತ್ತಾಳೆ ನಾಣ್ಯಗಳೇ.